ಬತ್ತೆಗೂ ಬೈದೆಗೂ ನಡುವಿನ ಇಂಗ್ಲಿಷ್

ಇಂಗ್ಲಿಷಿಗೆ ವ್ಯಾಕರಣವೆಲ್ಲ ಬೇಡ, ಮಾತಾಡುತ್ತಾ ಹೋದರೆ ತಾನಾಗಿ ಬರುತ್ತದೆ ಎಂಬ ಮಾತನ್ನು ಉಡುಪಿ ಕಡೆ ಈಗ ಎರಡು ಬಗೆಯ ಜನ ಹೇಳುತ್ತಾರೆ. ಮೊದಲನೆಯವರು ಮನೆಯಲ್ಲೇ ಇಂಗ್ಲಿಷ್ ಮಾತಾಡುವವರು. ಅವರ ಮಕ್ಕಳಿಗೆ ಅದು ನಿಜವಾಗಿಯೂ ತಾನಾಗಿ ಬರುತ್ತದೆ. ಎರಡನೆಯವರು ಮೂವತ್ತು ದಿನಗಳಲ್ಲಿ ಇಂಗ್ಲಿಷ್ ಕಲಿಸುತ್ತೇವೆಂದು ಬಸ್ ಸ್ಟ್ಯಾಂಡಿನ ಎದುರು ಬೋರ್ಡು ಹಾಕಿದವರು. ಈ ಎರಡು ಗುಂಪಿಗೂ ಸೇರದ ಮಕ್ಕಳೇ ನಮ್ಮಲ್ಲಿ ಹೆಚ್ಚು. ಕಾಪು ಕಡಲ ಬದಿಯ ಮೀನುಗಾರರ ಮನೆಯ ಹುಡುಗಿ, ಕಾರ್ಕಳದ ಒಳಗಿನ ಹಳ್ಳಿಯಲ್ಲಿ ಬೀಡಿ ಕಟ್ಟುವ ತಾಯಿಯ ಮಗ, ಇವರಿಗೆಲ್ಲ ತಾನಾಗಿ ಬರುವುದು ತುಳು. ಕೆಲವರಿಗೆ ಕೊಂಕಣಿ, ಕೆಲವರಿಗೆ ಬ್ಯಾರಿ. ಕನ್ನಡವನ್ನೇ ಅವರು ಶಾಲೆಗೆ ಬಂದು ಕಲಿಯುತ್ತಾರೆ. ಇಂಗ್ಲಿಷ್ ಅದರ ಮೇಲೆ ಬಂದು ಕೂರುವ ಮೂರನೆಯದೋ ನಾಲ್ಕನೆಯದೋ ಭಾಷೆ.

ನಾನು ಬಹಳ ವರ್ಷ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದವನು. ಹಾಗಾಗಿ ನನ್ನ ಪಕ್ಷಪಾತವನ್ನು ಮೊದಲೇ ಹೇಳಿಬಿಡುತ್ತೇನೆ. ಮಕ್ಕಳಿಗೆ ಇಂಗ್ಲಿಷಿನ ಸರಿಯಾದ ವ್ಯಾಕರಣವನ್ನೂ ಶಬ್ದಗಳನ್ನೂ ಕಲಿಸಲೇಬೇಕು, ಅದೂ ಕೂರಿಸಿ, ಬಿಡಿಸಿ, ತಿದ್ದಿ ಕಲಿಸಬೇಕು ಎನ್ನುವವನು ನಾನು. ಆದರೆ ಈ ಮಾತಿಗೆ ನನ್ನ ಕಾರಣಗಳು ಕರಾವಳಿಯ ಚರಿತ್ರೆಯಿಂದ ಬಂದವು. ಇಂಗ್ಲಿಷ್ ಇಲ್ಲಿಗೆ ಹೇಗೆ ಬಂತು, ಯಾರ ಕೈಗೆ ಸಿಕ್ಕಿತು, ಯಾರ ಕೈಗೆ ಸಿಗಲಿಲ್ಲ ಎಂದು ನೋಡುತ್ತಾ ಹೋದರೆ ವ್ಯಾಕರಣವೆಂಬ ಒಣ ವಸ್ತುವಿನ ಹಿಂದೆ ಒಂದು ಹಸಿಯಾದ ಕತೆ ಇದೆ.

1799ರಲ್ಲಿ ಟಿಪ್ಪು ಸತ್ತ ಮೇಲೆ ಕೆನರಾ ಕಂಪನಿಯ ವಶವಾಯಿತು. ಮೊದಲ ಕಲೆಕ್ಟರಾಗಿ ಬಂದವನು ಥಾಮಸ್ ಮನ್ರೋ. ಅವನಿಗೆ ಈ ಜಿಲ್ಲೆಯ ಮಳೆ, ಹೊಳೆ, ಕಂದಾಯದ ತಕರಾರು ಯಾವುದೂ ಹಿಡಿಸಲಿಲ್ಲ, ಬೇಗ ವರ್ಗ ಮಾಡಿಸಿಕೊಂಡು ಹೋದ. ಮುಂದೆ ಮದರಾಸಿನ ಗವರ್ನರಾಗಿ 1822ರಲ್ಲಿ ಎಲ್ಲ ಜಿಲ್ಲೆಗಳ ಶಾಲೆಗಳ ಲೆಕ್ಕ ಕೇಳಿದ. ಬೇರೆ ಜಿಲ್ಲೆಗಳಿಂದ ಜಾತಿವಾರು ಪಟ್ಟಿಗಳು ಹೋದವು. ಕೆನರಾದ ಕಲೆಕ್ಟರು ಮಾತ್ರ ಪಟ್ಟಿ ತುಂಬಲೇ ಇಲ್ಲ. ಇಲ್ಲಿ ಕಾಲೇಜು ಎಂಬುದಿಲ್ಲ, ಓದು ಬರಹ ಖಾಸಗಿಯಾಗಿ ಮನೆಗಳಲ್ಲಿ ನಡೆಯುತ್ತದೆ, ಲೆಕ್ಕ ಹಾಕುವುದು ಕಷ್ಟ ಎಂಬ ಅರ್ಥದ ಉತ್ತರ ಕಳಿಸಿದ. ಧರಂಪಾಲ್ ಅವರು 1983ರಲ್ಲಿ ಪ್ರಕಟಿಸಿದ 'ದ ಬ್ಯೂಟಿಫುಲ್ ಟ್ರೀ' ಪುಸ್ತಕದಲ್ಲಿ ಈ ಪತ್ರವ್ಯವಹಾರವೆಲ್ಲ ಇದೆ. ಉಡುಪಿಯಲ್ಲಿ ಎಂಟು ಮಠಗಳಿದ್ದವು, ಸಂಸ್ಕೃತ ವ್ಯಾಕರಣ ಅಲ್ಲಿ ಶತಮಾನಗಳಿಂದ ನಡೆದೇ ಇತ್ತು. ಐಗಳು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಆದರೆ ಯಾರು ಎಷ್ಟು ಕಲಿಯುತ್ತಾರೆ ಎಂಬುದು ಯಾವ ಮನೆಯಲ್ಲಿ ಹುಟ್ಟಿದರು ಎಂಬುದರ ಮೇಲೆ ನಿಂತಿತ್ತು. ಶಾಲೆ ಮನೆಯೊಳಗಿದ್ದರೆ ಮನೆಯವರಿಗಷ್ಟೇ ಶಾಲೆ.

ಇನ್ನು ಇಂಗ್ಲಿಷಿನ ವಿಷಯ. ನಮ್ಮ ಕರಾವಳಿಗೆ ಇಂಗ್ಲಿಷನ್ನು ತರಗತಿಯ ವಿಷಯವಾಗಿ ತಂದು ಕಲಿಸಿದವರಲ್ಲಿ ಮುಖ್ಯರಾದವರು ಇಂಗ್ಲಿಷರಲ್ಲ. ಬಾಸೆಲ್ ಮಿಶನಿನ ಮೂವರು ಪಾದ್ರಿಗಳು, ಹೆಬಿಕ್, ಲೇನರ್ ಮತ್ತು ಗ್ರೈನರ್, 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಅವರ ಮಾತು ಜರ್ಮನ್. ಹರ್ಮನ್ ಮೋಗ್ಲಿಂಗ್ ಎರಡು ವರ್ಷಗಳ ಬಳಿಕ ಬಂದ. ಆ ದಶಕ ಮುಗಿಯುವುದರೊಳಗೆ ಮಂಗಳೂರಿನಲ್ಲಿ ಅವರ ಇಂಗ್ಲಿಷ್ ಶಾಲೆ ನಡೆಯತೊಡಗಿತ್ತು. ಇದು ನನಗೆ ಯಾವತ್ತೂ ಕುತೂಹಲದ ಸಂಗತಿ. ಇಂಗ್ಲಿಷನ್ನು ತಾಯಿಯ ಮೊಲೆಹಾಲಿನೊಂದಿಗೆ ಕುಡಿಯದ ಜನ ಅದನ್ನು ತುಳು, ಕೊಂಕಣಿ ಮಕ್ಕಳಿಗೆ ಕಲಿಸಿದರು. ಅವರೇ ಅದನ್ನು ಪುಸ್ತಕದಿಂದ, ನಿಯಮದಿಂದ, ಕೋಶದಿಂದ ಕಲಿತಿದ್ದರು. ನಮ್ಮ ಊರಿನ ಇಂಗ್ಲಿಷ್ ಹುಟ್ಟಿದ್ದೇ ವ್ಯಾಕರಣದ ಹೊಟ್ಟೆಯಿಂದ, ಕಿವಿಯ ಮೂಲಕ ಬಂದದ್ದಲ್ಲ.

ಶಾಲೆಗೆ ಮಕ್ಕಳನ್ನು ಕಳಿಸಿದವರು ಸುಮ್ಮನೆ ಕಳಿಸಲಿಲ್ಲ, ಹೆದರುತ್ತಲೇ ಕಳಿಸಿದರು. 1844ರಲ್ಲಿ ಆ ಶಾಲೆಯ ವಿದ್ಯಾರ್ಥಿ, ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ಕ್ರೈಸ್ತನಾದಾಗ ಊರು ಅಲ್ಲೋಲಕಲ್ಲೋಲವಾಯಿತು. ಕೌಂಡಿನ್ಯ ಮುಂದೆ ಬಾಸೆಲಿಗೆ ಹೋಗಿ ಪಾದ್ರಿಯಾಗಿ ಮರಳಿದ. ಇಂಗ್ಲಿಷ್ ಬೇಕು, ಆದರೆ ಅದರ ಜತೆಗೆ ಬರುವುದು ಬೇಡ ಎಂಬ ತೊಳಲಾಟ ಅಂದು ಶುರುವಾದದ್ದು ಇಂದಿಗೂ ಮುಗಿದಿಲ್ಲ, ಬೇರೆ ಬೇರೆ ವೇಷದಲ್ಲಿ ಬರುತ್ತಿದೆ. 1868ರಲ್ಲಿ ಮಂಗಳೂರಿನಲ್ಲಿ ಸರಕಾರದ ಶಾಲೆ ಶುರುವಾಗಿ ಅದೇ ಮುಂದೆ ಸರಕಾರಿ ಕಾಲೇಜಾಯಿತು. 1880ರಲ್ಲಿ ಜೆಸುಯಿಟರ ಸಂತ ಅಲೋಶಿಯಸ್ ಕಾಲೇಜು, 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ ಹೈಸ್ಕೂಲು. ಒಂದೊಂದು ಸಮುದಾಯವೂ ತನ್ನ ಮಕ್ಕಳಿಗೆ ತನಗೆ ನಂಬಿಕೆಯಿರುವ ಜಾಗದಲ್ಲಿ ಇಂಗ್ಲಿಷ್ ಕಲಿಸಲು ಹೊರಟಿತು.

ಬಾಸೆಲ್ ಮಿಶನಿನ ಅಚ್ಚುಕೂಟ 1841ರಲ್ಲಿ ಶುರುವಾಯಿತು. 1843ರಲ್ಲಿ 'ಮಂಗಳೂರ ಸಮಾಚಾರ' ಬಂತೆಂದು ಎಲ್ಲರೂ ಓದಿರುತ್ತೀರಿ. ಆ ಅಚ್ಚುಕೂಟ ಹೊರಡಿಸಿದ ಕೋಶಗಳ ಸಾಲನ್ನು ಮಾತ್ರ ಒಮ್ಮೆ ಒಟ್ಟಿಗೆ ನೆನಪಿಸಿಕೊಳ್ಳಬೇಕು. 1872ರಲ್ಲಿ ಬ್ರಿಗೆಲ್ ಬರೆದ ತುಳು ವ್ಯಾಕರಣ, 1876ರಲ್ಲಿ ಜೀಗ್ಲರನ ಇಂಗ್ಲಿಷ್-ಕನ್ನಡ ಶಾಲಾ ನಿಘಂಟು, 1886ರಲ್ಲಿ ಮ್ಯಾನರನ ತುಳು-ಇಂಗ್ಲಿಷ್ ನಿಘಂಟು, ಎರಡು ವರ್ಷ ಬಿಟ್ಟು ಅವನದೇ ಇಂಗ್ಲಿಷ್-ತುಳು ನಿಘಂಟು, 1894ರಲ್ಲಿ ಕಿಟೆಲರ ಕನ್ನಡ-ಇಂಗ್ಲಿಷ್ ನಿಘಂಟು, 1899ರಲ್ಲಿ ಅದನ್ನೇ ಮುಖ್ಯವಾಗಿ ಆಧರಿಸಿ ಬುಖರ್ ಮಾಡಿದ ಶಾಲಾ ನಿಘಂಟು. ಕಿಟೆಲರ ಎಪ್ಪತ್ತು ಸಾವಿರದಷ್ಟು ಶಬ್ದಗಳ ಮಹಾಕೋಶಕ್ಕೆ ನಾವು ಕೈಮುಗಿಯುತ್ತೇವೆ, ಮುಗಿಯಬೇಕಾದ್ದೇ. ಆದರೆ ನನಗೆ ಜೀಗ್ಲರನ ಮತ್ತು ಬುಖರನ ಶಾಲಾ ನಿಘಂಟುಗಳ ಮೇಲೆ ವಿಶೇಷ ಪ್ರೀತಿ. ಒಂದು ಇಂಗ್ಲಿಷಿನಿಂದ ಕನ್ನಡಕ್ಕೆ, ಇನ್ನೊಂದು ಕನ್ನಡದಿಂದ ಇಂಗ್ಲಿಷಿಗೆ. ಎರಡೂ ಮಕ್ಕಳ ಕೈಯಲ್ಲಿ ಹಿಡಿಯಲೆಂದು ಮಾಡಿದವು. ಒಂದು ಭಾಷೆಯ ಶಬ್ದಕ್ಕೆ ಇನ್ನೊಂದು ಭಾಷೆಯ ಶಬ್ದವನ್ನು ಎದುರಿಟ್ಟು ತೋರಿಸಿದಾಗ ಮಗುವಿಗೆ ಎರಡೂ ಭಾಷೆ ಗೊತ್ತಾಗುತ್ತದೆ. ಈಗ ತರಗತಿಯಲ್ಲಿ ಇಂಗ್ಲಿಷ್ ಶಬ್ದವನ್ನು ಇಂಗ್ಲಿಷಿನಲ್ಲೇ ವಿವರಿಸಬೇಕೆಂಬ ಶಾಸ್ತ್ರವಿದೆ. ಅದು ಶಬ್ದ ಗೊತ್ತಿದ್ದವರಿಗೆ ಶಬ್ದ ಕಲಿಸುವ ವಿಧಾನ.

ಬ್ರಿಗೆಲನ ತುಳು ವ್ಯಾಕರಣದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನನ್ನ ಪಾಠದ ಕ್ರಮವೇ ಆ ಪುಸ್ತಕದಿಂದ ಬದಲಾಯಿತು. ತುಳುವಿನ ಕ್ರಿಯಾಪದಗಳು ಎಷ್ಟು ಬಗೆಯ ಕಾಲಗಳನ್ನು ಹೇಳಬಲ್ಲವೆಂದು ಅವನು ಅಚ್ಚುಕಟ್ಟಾಗಿ ಪಟ್ಟಿ ಮಾಡಿದ್ದಾನೆ. ಬಿಷಪ್ ಕಾಲ್ಡ್ವೆಲ್ ಕೂಡ ದ್ರಾವಿಡ ಭಾಷೆಗಳನ್ನು ಹೋಲಿಸುವಾಗ ತುಳು ಬಹಳ ಬೆಳೆದ ಭಾಷೆಯೆಂದು ಬರೆದ. ಉದಾಹರಣೆಗೆ 'ಆಯೆ ಬತ್ತೆ' ಎಂದರೆ ಅವನು ಬಂದ. 'ಆಯೆ ಬೈದೆ' ಎಂದರೆ ಅವನು ಬಂದಿದ್ದಾನೆ. ಹಾಗೆಯೇ 'ಪೋಯೆ' ಮತ್ತು 'ಪೋತೆ'. ಕನ್ನಡದಲ್ಲಿ ಇದಕ್ಕೆ 'ಇರು' ಎಂಬ ಇನ್ನೊಂದು ಕ್ರಿಯಾಪದದ ಸಹಾಯ ಬೇಕು. ತುಳುವಿನಲ್ಲಿ ಒಂದೇ ಪದದ ಒಳಗೆ ಮುಗಿದುಹೋಗುತ್ತದೆ. ಮೂರು ವರ್ಷದ ಮಗು ಕೂಡ ಇದನ್ನು ತಪ್ಪುವುದಿಲ್ಲ. ಅಜ್ಜ ಬಂದು ಹೊರಟುಹೋಗಿದ್ದರೆ ಅದು 'ಬೈದೆರ್' ಎನ್ನುವುದಿಲ್ಲ.

ಇಂಗ್ಲಿಷಿನಲ್ಲಿ 'ಹಿ ಕೇಮ್' ಮತ್ತು 'ಹಿ ಹ್ಯಾಸ್ ಕಮ್' ನಡುವೆ ಇರುವುದೂ ಹೆಚ್ಚುಕಡಿಮೆ ಇದೇ ವ್ಯತ್ಯಾಸ. ಹೈಸ್ಕೂಲಿನ ಮಕ್ಕಳು ಪ್ರೆಸೆಂಟ್ ಪರ್ಫೆಕ್ಟ್ ಟೆನ್ಸ್ ಎಂಬ ಹೆಸರು ಕೇಳಿಯೇ ಗಾಬರಿಯಾಗುತ್ತಾರೆ. ಅವರ ನಾಲಿಗೆಯ ಮೇಲೆ ಅದು ಹುಟ್ಟಿದಾರಭ್ಯ ಇದೆಯೆಂದು ಯಾರೂ ಅವರಿಗೆ ಹೇಳಿಲ್ಲ. ಕರಿಹಲಗೆಯ ಮೇಲೆ 'ಬತ್ತೆ, ಬೈದೆ' ಎಂದು ಕನ್ನಡ ಅಕ್ಷರದಲ್ಲಿ ಬರೆದ ದಿನ ಹಿಂದಿನ ಬೆಂಚಿನವರೂ ಬಾಯಿ ಬಿಟ್ಟಿದ್ದನ್ನು ನಾನು ನೋಡಿದ್ದೇನೆ. ಶಾಲೆಯ ಹಲಗೆಯ ಮೇಲೆ ತುಳು ಬರೆದದ್ದೇ ಅವರಿಗೆ ಮೊದಲ ಆಶ್ಚರ್ಯ.

ಆದರೆ ಹೋಲಿಕೆ ಒಂದು ಹೆಜ್ಜೆಯ ಆಚೆಗೆ ಕೈಕೊಡುತ್ತದೆ, ವ್ಯಾಕರಣ ಬೇಕಾಗುವುದು ಅಲ್ಲೇ. ನೆಂಟ ನಿನ್ನೆ ಬಂದು ಇನ್ನೂ ಮನೆಯಲ್ಲಿದ್ದರೆ ತುಳುವಿನಲ್ಲಿ 'ಕೋಡೆ ಬೈದೆ' ಎನ್ನಬಹುದು. ಕನ್ನಡದಲ್ಲೂ 'ನಿನ್ನೆ ಬಂದಿದ್ದಾನೆ' ಎನ್ನಲು ಅಡ್ಡಿಯಿಲ್ಲ. ಇಂಗ್ಲಿಷ್ ಮಾತ್ರ 'ಎಸ್ಟರ್‌ಡೇ' ಎಂದ ಕೂಡಲೇ 'ಹ್ಯಾಸ್ ಕಮ್' ಬಿಡಬೇಕು ಎನ್ನುತ್ತದೆ. ಇದನ್ನು ಕಿವಿ ಕಲಿಸುವುದಿಲ್ಲ. ಏಕೆಂದರೆ ಸುತ್ತಲಿನವರೆಲ್ಲ 'ಎಸ್ಟರ್‌ಡೇ ಹಿ ಹ್ಯಾಸ್ ಕಮ್' ಎಂದೇ ಮಾತಾಡುತ್ತಾರೆ. 'ಹ್ಯಾವ್' ಎಂಬ ಕ್ರಿಯಾಪದವೂ ಹಾಗೆಯೇ. ನನಗೆ ಇಬ್ಬರು ಅಣ್ಣಂದಿರಿದ್ದಾರೆ ಎನ್ನುವ ಭಾಷೆಯ ಮಗುವಿಗೆ 'ನಾನು ಅಣ್ಣಂದಿರನ್ನು ಹೊಂದಿದ್ದೇನೆ' ಎಂಬ ಕಟ್ಟೋಣವೇ ವಿಚಿತ್ರ. ಅದು 'ಐ ಆಮ್ ಹ್ಯಾವಿಂಗ್' ಎಂದರೆ ದಡ್ಡತನದಿಂದಲ್ಲ, ಅದರ ಮನೆಯಲ್ಲಿ ಆ ಪಾತ್ರೆಯೇ ಇಲ್ಲ. 'ಎ' ಮತ್ತು 'ದ' ಎಂಬ ಎರಡು ಸಣ್ಣ ಪದಗಳೂ ನಮ್ಮಲ್ಲಿಲ್ಲ. ಕಾಪುವಿನಲ್ಲಿ ಅದು ಸುಲಭ. 1901ರ ದೀಪಸ್ತಂಭ ಒಂದೇ ಇರುವುದರಿಂದ ಕಾಪುವಿನವರಿಗೆ ಅದು 'ದ ಲೈಟ್‌ಹೌಸ್', ದೂರದೂರಿನ ಗೆಳೆಯನಿಗೆ ಮೊದಲ ಸಲ ಕಾಗದ ಬರೆಯುವಾಗ 'ಎ ಲೈಟ್‌ಹೌಸ್'. ಕಾರ್ಕಳದ ಮಕ್ಕಳಿಗೆ 1432ರ ಗೊಮ್ಮಟನನ್ನು ಇಟ್ಟುಕೊಂಡು ಇದೇ ಪಾಠ ಮಾಡಬಹುದು. ತಪ್ಪು ಎಲ್ಲಿಂದ ಬಂತೆಂದು ತಿಳಿದ ಮೇಷ್ಟ್ರಿಗೆ ಬೈಯುವ ಅಗತ್ಯ ಬೀಳುವುದಿಲ್ಲ.

ಶಬ್ದದ ಮಾತಿಗೆ ಬಂದರೂ ಕರಾವಳಿಯ ಮಕ್ಕಳು ಬರಿಗೈಯಲ್ಲಿಲ್ಲ. ಮ್ಯಾನರನ ತುಳು ನಿಘಂಟು ಬಂದ 1886ರಲ್ಲೇ ಯೂಲ್ ಮತ್ತು ಬರ್ನೆಲ್ ಮಾಡಿದ 'ಹಾಬ್ಸನ್-ಜಾಬ್ಸನ್' ಕೋಶವೂ ಬಂತು. ಹಿಂದೂಸ್ತಾನದಿಂದ ಇಂಗ್ಲಿಷಿಗೆ ಹೋದ ಪದಗಳ ಕೋಶ ಅದು. 'ಅರೆಕಾ' ಎಂಬುದು ಅಡಿಕೆಯ ನೆಂಟ, 'ಕಾಪ್ರಾ' ಕೊಬ್ಬರಿಯದು, 'ಟೀಕ್' ತೇಗದ್ದು, 'ಜಾಕ್' ಮಲಯಾಳದ ಚಕ್ಕದಿಂದ ಪೋರ್ಚುಗೀಸರ ಬಾಯಿ ಸುತ್ತಿ ಹೋದದ್ದು. ಆ ಕಡೆಯಿಂದ ಬಂದವೂ ಇವೆ. ಮೇಜು, ಚಾವಿ, ಇಸ್ತ್ರಿ ಪೋರ್ಚುಗೀಸಿನವು. ಉಳ್ಳಾಲ ನರಸಿಂಗರಾಯರು 1891ರಲ್ಲಿ ಮಂಗಳೂರಿನಲ್ಲಿ 'ಕಿಸಮ್‌ವಾರ್ ಗ್ಲಾಸರಿ' ಎಂಬ ಶಬ್ದಕೋಶವನ್ನೇ ಪ್ರಕಟಿಸಿದ್ದರು. ಊರಿನ ಹೆಸರುಗಳನ್ನೂ ನೋಡಿ. ಕಾಪು ಇಂಗ್ಲಿಷಿನಲ್ಲಿ 'ಕೌಪ್' ಆಯಿತು, ಉಡುಪಿ 'ಉಡಿಪಿ', ಮಣ್ಣು ಪಳ್ಳ ಮಣಿಪಾಲವಾಯಿತು. ಇಂಥ ಪದಗಳಿಂದ ಶುರುಮಾಡಿದರೆ ಇಂಗ್ಲಿಷಿನ ಶಬ್ದಭಂಡಾರ ಮಕ್ಕಳಿಗೆ ಪರರ ಕೋಣೆಯೆನಿಸುವುದಿಲ್ಲ.

ದಕ್ಷಿಣ ಕನ್ನಡ 1956ರ ನವೆಂಬರಿನವರೆಗೆ ಮದರಾಸಿನ ಭಾಗ. ಹಾಗಾಗಿ ಇಲ್ಲಿನ ಓದಿನ ಬಾಗಿಲಿನ ಚಿಲಕವೂ ಮದರಾಸಿನಲ್ಲಿತ್ತು. 1857ರಲ್ಲಿ ಶುರುವಾದ ಮದರಾಸು ವಿಶ್ವವಿದ್ಯಾನಿಲಯದ ಮೆಟ್ರಿಕ್ಯುಲೇಶನ್, ಮುಂದೆ ಎಸ್‌ಎಸ್‌ಎಲ್‌ಸಿ. ಎಲಿಮೆಂಟರಿ ಶಾಲೆಯಲ್ಲಿ ಕನ್ನಡದಲ್ಲಿ ಐದು ಕ್ಲಾಸು ಓದಿದ ಹುಡುಗ ಫಸ್ಟ್ ಫಾರ್ಮಿಗೆ ಬಂದಾಗ ಇಂಗ್ಲಿಷ್ ಎದುರಾಗುತ್ತಿತ್ತು. ನೆಸ್‌ಫೀಲ್ಡನ ವ್ಯಾಕರಣ, 1930ರ ದಶಕದ ಬಳಿಕ ರೆನ್ ಮತ್ತು ಮಾರ್ಟಿನ್. ಈ ರೆನ್ ಭಾರತದಲ್ಲಿ ಶಿಕ್ಷಣ ಇಲಾಖೆಯಲ್ಲಿದ್ದವನು, 'ಬೋ ಜೆಸ್ಟ್' ಎಂಬ ಸಾಹಸ ಕಾದಂಬರಿಯನ್ನು 1924ರಲ್ಲಿ ಬರೆದು ಜಗತ್ಪ್ರಸಿದ್ಧನಾದ. ಕಾದಂಬರಿಯನ್ನು ಈಗ ಯಾರೂ ಓದುವುದಿಲ್ಲ, ವ್ಯಾಕರಣ ಉಡುಪಿಯ ಪುಸ್ತಕದಂಗಡಿಗಳಲ್ಲಿ ಇವತ್ತಿಗೂ ಸಿಗುತ್ತದೆ. ಪಾರ್ಸಿಂಗ್ ಎಂಬ ಒಂದು ಕಸರತ್ತಿತ್ತು. ವಾಕ್ಯದ ಒಂದೊಂದು ಪದವನ್ನೂ ಎತ್ತಿ ಅದರ ಕುಲಗೋತ್ರ ಹೇಳುವುದು. ಹಳೆಯ ತಲೆಮಾರಿನವರು ಅದನ್ನು ಎಂಬತ್ತನೆಯ ವಯಸ್ಸಿನಲ್ಲೂ ಒಪ್ಪಿಸುತ್ತಿದ್ದರು, ಆದರೆ ಅವರಲ್ಲಿ ಹಲವರು ಒಂದು ಕಾಗದವನ್ನು ಸ್ವತಂತ್ರವಾಗಿ ಬರೆಯಲು ತಡವರಿಸುತ್ತಿದ್ದರು. ವ್ಯಾಕರಣದ ಪರವಾಗಿ ವಾದಿಸುವ ನಾನು ಇದನ್ನು ಮುಚ್ಚಿಡಲಾರೆ. ನಿಯಮವನ್ನು ಬಾಯಿಪಾಠ ಮಾಡಿಸಿ ಬಳಕೆಗೆ ಬಿಡದ ಪಾಠ ಅರ್ಧ ಪಾಠ.

ಆ ಬಾಗಿಲಿನ ಹೊರಗೆ ಉಳಿದವರೂ ಇದ್ದಾರೆ. ಕಾರ್ಕಳದ ಬಳಿಯ ನಂದಳಿಕೆಯ ಲಕ್ಷ್ಮೀನಾರಣಪ್ಪ, 1870ರಲ್ಲಿ ಹುಟ್ಟಿದವರು. ಬಡತನದಿಂದ ಇಂಗ್ಲಿಷ್ ಓದು ಪೂರ್ತಿ ದಕ್ಕಲಿಲ್ಲ. ಅಂಗಸಾಧನೆಯ ತರಬೇತಿ ಪಡೆದು ಉಡುಪಿ, ಕುಂದಾಪುರಗಳಲ್ಲಿ ವ್ಯಾಯಾಮದ ಮೇಷ್ಟ್ರಾಗಿ ಕೆಲಸ ಮಾಡಿದರು. 1901ರಲ್ಲಿ ಕ್ಷಯದಿಂದ ತೀರಿಕೊಂಡಾಗ ಅವರಿಗೆ ಮೂವತ್ತೊಂದು. ಮುದ್ದಣನೆಂಬ ಹೆಸರಿನಲ್ಲಿ ಅವರು ಬರೆದ ರಾಮಾಶ್ವಮೇಧವನ್ನೂ ಮುದ್ದಣ ಮನೋರಮೆಯರ ಸಲ್ಲಾಪವನ್ನೂ ನಾವು ಓದುತ್ತಲೇ ಇದ್ದೇವೆ. ಅವರ ಶಾಲೆಯ ವ್ಯವಸ್ಥೆ ಅವರ ಕೈಗೆ ಕೊಟ್ಟದ್ದು ಡ್ರಿಲ್ಲಿನ ಪಿರಿಯಡ್. ಇಂಗ್ಲಿಷ್ ಬಂದಿದ್ದರೆ ಅವರು ದೊಡ್ಡ ಕವಿಯಾಗುತ್ತಿದ್ದರು ಎಂದು ನಾನು ಹೇಳುತ್ತಿಲ್ಲ, ಅವರು ದೊಡ್ಡವರಾಗಿಯೇ ಇದ್ದರು. ಪ್ರತಿಭೆಯ ಅಳತೆಗೆ ಇಂಗ್ಲಿಷನ್ನು ಕೋಲು ಮಾಡಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ನಮ್ಮೂರಿನ ಸಾಕ್ಷಿ ಇದು. ಹಾಗೆಂದು ಕೋಲು ಕೆಟ್ಟದ್ದು, ಆದ್ದರಿಂದ ಭಾಷೆಯೂ ಬೇಡ ಎನ್ನುವುದಕ್ಕೂ ಆಗುವುದಿಲ್ಲ. ಕೋಲು ಇನ್ನೂ ಅವರ ಕೈಯಲ್ಲೇ ಇದೆಯಲ್ಲ.

ಇಂಗ್ಲಿಷಿನಲ್ಲಿ ಫೇಲಾದವರು ಮುಂಬಯಿಯ ದಾರಿ ಹಿಡಿದರು. ಹೋಟೆಲಿನಲ್ಲಿ ತಟ್ಟೆ ತೊಳೆದು, ಟೇಬಲ್ ಒರೆಸಿ, ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಕೂತರು. ಮೊಗವೀರರ ಸಂಘದವರೂ ಬೇರೆ ಕನ್ನಡಿಗರ ಸಂಘಗಳೂ ನಡೆಸಿದ ಈ ಶಾಲೆಗಳ ಪೂರ್ತಿ ಚರಿತ್ರೆಯನ್ನು ಯಾರಾದರೂ ಬರೆಯಬೇಕು. ದಿನವಿಡೀ ದುಡಿದ ಹುಡುಗ ರಾತ್ರಿ ಎಂಟು ಗಂಟೆಗೆ ಆಕಳಿಸುತ್ತಾ ಕಲಿತದ್ದು ಟೆನ್ಸು, ಪ್ರಿಪೊಸಿಶನ್ನು, ಕಾಗದದ ಒಕ್ಕಣೆ. ಅವನಿಗೆ ಅದು ಅಲಂಕಾರವಾಗಿರಲಿಲ್ಲ. ಅದರಿಂದ ಅಡುಗೆಮನೆಯಿಂದ ಗಲ್ಲಾಪೆಟ್ಟಿಗೆಗೆ, ಅಲ್ಲಿಂದ ಆಫೀಸಿನ ಗುಮಾಸ್ತಿಕೆಗೆ ದಾರಿಯಿತ್ತು. ಆ ತಲೆಮಾರಿನ ಹಿರಿಯರ ಕೈಬರಹದ ಅರ್ಜಿಗಳನ್ನು ನೋಡಿದ್ದೇನೆ. ಅಲ್ಪವಿರಾಮ ಕೂಡ ಜಾಗ ತಪ್ಪಿಲ್ಲ.

ಇಂಗ್ಲಿಷ್ ಚೆನ್ನಾಗಿ ಬಂದವರು ಏನು ಮಾಡಿದರು ಎಂಬುದೂ ಈ ಚರಿತ್ರೆಯ ಭಾಗ. ಶಾಲಾ ಇನ್ಸ್‌ಪೆಕ್ಟರಾಗಿ ಊರೂರು ಸುತ್ತಿದ ಪಂಜೆ ಮಂಗೇಶರಾಯರು ಇಂಗ್ಲಿಷಿನ ಶಿಶುಗೀತೆಗಳ ಲಯವನ್ನು ಕಂಡು ಕನ್ನಡದ ಮಕ್ಕಳಿಗೆ ಕನ್ನಡದ ಹಾಡು ಕಟ್ಟಿದರು. ಕೋಟದ ಶಿವರಾಮ ಕಾರಂತರು ಕಾಲೇಜು ಬಿಟ್ಟು ಹೋದವರು. ಆದರೆ ಇಂಗ್ಲಿಷ್ ಪುಸ್ತಕಗಳನ್ನು ಅಗೆದು ಓದಿ, ತಿಳಿದದ್ದನ್ನು 1936ರಲ್ಲಿ 'ಬಾಲಪ್ರಪಂಚ'ದ ಮೂರು ಸಂಪುಟಗಳಲ್ಲಿ ಕನ್ನಡದ ಮಕ್ಕಳ ಮುಂದಿಟ್ಟರು. ಕಲಿಕೆ ತಾಯ್ನುಡಿಯಲ್ಲಿರಬೇಕು ಎಂಬ ಅವರ ಪಟ್ಟು ಎಲ್ಲರಿಗೂ ಗೊತ್ತು. ಅದಕ್ಕೂ ನನ್ನ ಮಾತಿಗೂ ಜಗಳವಿಲ್ಲ. ಇಂಗ್ಲಿಷನ್ನು ಭಾಷೆಯಾಗಿ ಚೆನ್ನಾಗಿ ಕಲಿಯುವುದು ಒಂದು, ಎಲ್ಲವನ್ನೂ ಇಂಗ್ಲಿಷಿನಲ್ಲೇ ಕಲಿಯುವುದು ಇನ್ನೊಂದು. ಈ ಎರಡನ್ನು ಒಂದೇ ಎಂದು ತಿಳಿದದ್ದರಿಂದ ನಮ್ಮ ಅರ್ಧ ಗಲಾಟೆ ಹುಟ್ಟಿತು.

ಆ ಗಲಾಟೆಯ ಸರಕಾರಿ ಭಾಗವನ್ನು ಬೇಗ ದಾಟಿಬಿಡುತ್ತೇನೆ. 1994ರ ಭಾಷಾನೀತಿ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮ ಎಂದಿತು. ಇಪ್ಪತ್ತು ವರ್ಷ ವ್ಯಾಜ್ಯ ನಡೆದು 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಮಾಧ್ಯಮವನ್ನು ಸರಕಾರ ಹೇರುವಂತಿಲ್ಲ ಎಂದಿತು. ನಡುವೆ 2007ರಲ್ಲಿ ಸರಕಾರಿ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂತು. 2019ರಲ್ಲಿ ಸರಕಾರಿ ಶಾಲೆಗಳಲ್ಲೇ ಇಂಗ್ಲಿಷ್ ಮಾಧ್ಯಮದ ವಿಭಾಗಗಳು. ಇಷ್ಟೆಲ್ಲದರಲ್ಲಿ ವಾದವಾದದ್ದು ಇಂಗ್ಲಿಷ್ ಯಾವಾಗ, ಎಷ್ಟು ಎಂಬುದರ ಬಗ್ಗೆ. ಅದನ್ನು ಕಲಿಸುವ ಮೇಷ್ಟ್ರಿಗೆ ಅದು ಎಷ್ಟು ಬರುತ್ತದೆ, ಏನು ಕಲಿಸಬೇಕು ಎಂಬುದರ ಬಗ್ಗೆ ಬೀದಿಯಲ್ಲಿ ಯಾರೂ ಕೂಗಲಿಲ್ಲ.

ಏನು ಕಲಿಸಬೇಕು ಎಂಬ ಪ್ರಶ್ನೆಗೆ ಕರ್ನಾಟಕದಲ್ಲೇ ಒಂದು ದೊಡ್ಡ ಪ್ರಯೋಗ ನಡೆದಿತ್ತು. 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ರಾಜ್ಯಗಳಿಗಾಗಿ ಇಂಗ್ಲಿಷ್ ಬೋಧನೆಯ ಪ್ರಾದೇಶಿಕ ಸಂಸ್ಥೆ ಶುರುವಾಯಿತು. ಅಲ್ಲಿನವರ ಜತೆ ಸೇರಿ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ಬೆಂಗಳೂರು ಮತ್ತು ತಮಿಳುನಾಡಿನ ಕೆಲವು ಸಾಮಾನ್ಯ ಶಾಲೆಗಳಲ್ಲಿ ವ್ಯಾಕರಣದ ಪಾಠವನ್ನೇ ಬಿಟ್ಟು, ರೈಲಿನ ವೇಳಾಪಟ್ಟಿ, ನಕ್ಷೆ, ಲೆಕ್ಕಗಳಂಥ ಕೆಲಸಗಳನ್ನು ಇಂಗ್ಲಿಷಿನಲ್ಲಿ ಮಾಡಿಸಿದರು. ಮಗುವಿನ ಗಮನ ಅರ್ಥದ ಮೇಲಿದ್ದಾಗ ವ್ಯಾಕರಣ ಒಳಗೊಳಗೇ ಬೆಳೆಯುತ್ತದೆ ಎಂಬುದು ಅವರ ನಂಬಿಕೆ. ಅವರ 1987ರ ಪುಸ್ತಕ ಲೋಕದ ಬೋಧನಾಶಾಸ್ತ್ರವನ್ನೇ ತಿರುಗಿಸಿತು. ಮೌಲ್ಯಮಾಪನ ಮಾಡಿದವರು ಮಾತ್ರ ಎಚ್ಚರಿಕೆಯ ಮೆಚ್ಚುಗೆ ಕೊಟ್ಟರು. ಪ್ರಭು ಅವರನ್ನು ನಾನು ಗೌರವದಿಂದ ಓದುತ್ತೇನೆ, ವೇಳಾಪಟ್ಟಿಯ ಪಾಠವನ್ನು ಕದ್ದು ಉಡುಪಿ–ಕಾರ್ಕಳ ಬಸ್ಸಿನ ಸಮಯಗಳ ಪಾಠ ಮಾಡಿದ್ದೇನೆ. ಆದರೆ ಆ ಪ್ರಯೋಗದಲ್ಲಿ ತರಗತಿಯ ಮುಂದೆ ನಿಂತವರು ಇಂಗ್ಲಿಷಿನಲ್ಲಿ ನುರಿತವರು, ತಪ್ಪಿಲ್ಲದೆ ಗಂಟೆಗಟ್ಟಲೆ ಮಾತಾಡಬಲ್ಲವರು. ಆ ವಿಧಾನದ ಹೆಸರು ಹಳ್ಳಿಯ ಶಾಲೆಗೆ ಬಂತು, ಆ ಮೇಷ್ಟ್ರು ಬರಲಿಲ್ಲ. ವ್ಯಾಕರಣ ಹೋಯಿತು, ಅದರ ಜಾಗಕ್ಕೆ ಬಂದದ್ದು ಗೈಡಿನ ಪ್ರಶ್ನೋತ್ತರ.

ಇದರ ಪರಿಣಾಮ ಕಾಣಬೇಕಾದರೆ ಮಣಿಪಾಲಕ್ಕೆ ಹೋಗಬೇಕು. ಡಾ. ಟಿ.ಎಂ.ಎ. ಪೈಗಳು 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಕಟ್ಟಿದರು, 1949ರಲ್ಲಿ ಉಡುಪಿಗೆ ಎಂಜಿಎಂ ಕಾಲೇಜು, 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು, 1957ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂದವು. ಬೋಳುಗುಡ್ಡ ಊರಾಯಿತು. ದೇಶವಿದೇಶದ ಮಕ್ಕಳು ಬಂದು ಇಂಗ್ಲಿಷ್ ಅಲ್ಲಿನ ಬೀದಿಯ ಮಾತಾಯಿತು. ಕ್ಯಾಂಟೀನಿನ ಹುಡುಗ, ರಿಕ್ಷಾದವರು, ಹಾಸ್ಟೆಲಿನ ಆಯಾ ಎಲ್ಲರೂ ಅಲ್ಲಿ ಇಂಗ್ಲಿಷ್ ಮಾತಾಡುತ್ತಾರೆ, ಧೈರ್ಯವಾಗಿ ಮಾತಾಡುತ್ತಾರೆ. ಕಿವಿಯಿಂದ ಕಲಿತ ಇಂಗ್ಲಿಷಿನ ಒಳ್ಳೆಯ ಮಾದರಿ ಅದು, ನಾನದನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ಅದು ಒಂದು ಎತ್ತರಕ್ಕೆ ಹೋಗಿ ನಿಲ್ಲುತ್ತದೆ. ಮಾತು ಸಾಕಾಗುವ ಕೆಲಸದವರೆಗೆ ಆ ಇಂಗ್ಲಿಷ್ ಕರೆದೊಯ್ಯುತ್ತದೆ. ಬರೆಯಬೇಕಾದ, ಸಹಿ ಹಾಕಬೇಕಾದ ಮೇಜಿನ ಬಳಿಗೆ ಬಂದಾಗ ಅದು ಹೊರಗೆ ಕಾಯುತ್ತದೆ.

ಸಹಿಯ ಮಾತು ಬಂದದ್ದರಿಂದ ಒಂದು ಸಂಗತಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಗಲ್ಫಿಗೆ ಹೊರಟವನು ಕರಾರುಪತ್ರ ತಂದು ತೋರಿಸಿದ. ಸಹಿ ಆಗಲೇ ಹಾಕಿದ್ದ. ಮರಳಿ ಬರುವ ವಿಮಾನದ ಟಿಕೆಟನ್ನು ಕಂಪನಿ ಕೊಡುತ್ತದಂತೆ, ಎರಡು ವರ್ಷ ಎಂದೂ ಬರೆದಿದೆ ಎಂದ. ವಾಕ್ಯದಲ್ಲಿದ್ದ ಪದ 'ಪ್ರೊವೈಡೆಡ್'. ವಸತಿ 'ಪ್ರೊವೈಡೆಡ್', ಊಟ 'ಪ್ರೊವೈಡೆಡ್' ಎಂದು ಮೇಲೆ ಇದ್ದುದರಿಂದ ಟಿಕೆಟೂ ಹಾಗೆಯೇ ಒದಗಿಸಲಾಗುತ್ತದೆ ಎಂದು ಓದಿಕೊಂಡಿದ್ದ. ಅಲ್ಲಿ ಇದ್ದದ್ದು 'ಪ್ರೊವೈಡೆಡ್ ದಟ್'. ಎರಡು ವರ್ಷ ಪೂರ್ತಿ ದುಡಿದರೆ ಮಾತ್ರ ಟಿಕೆಟು ಎಂಬ ಷರತ್ತು. ಹದಿನಾರನೆಯ ತಿಂಗಳಿಗೆ ತಂದೆಯ ಕಾಯಿಲೆಯಿಂದ ಅವನು ಬರಬೇಕಾಯಿತು. ಟಿಕೆಟಿನ ದುಡ್ಡಿಗೆ ಅವನ ಅಕ್ಕನ ಬಳೆ ಅಡವು ಹೋಯಿತು. ಅವನು ಮಾತಾಡುವ ಇಂಗ್ಲಿಷಿನಲ್ಲಿ ಕೊರತೆಯಿರಲಿಲ್ಲ. ಒಂದೇ ಪದ ಒಮ್ಮೆ ಕ್ರಿಯಾಪದವಾಗಿ, ಒಮ್ಮೆ ಷರತ್ತಿನ ಕೊಂಡಿಯಾಗಿ ಬರುತ್ತದೆ ಎಂಬುದು ಹಳೆಯ ಪಾರ್ಸಿಂಗಿನ ಪಾಠದಲ್ಲಿ ಇದ್ದದ್ದು, ಅವನ ಕಾಲದ ಪುಸ್ತಕದಲ್ಲಿ ಇರಲಿಲ್ಲ.

'ಸರಿಯಾದ ಇಂಗ್ಲಿಷ್' ಎಂದರೆ ಲಂಡನ್ನಿನವರ ಹಾಗೆ ಉಲಿಯುವುದು ಎಂದು ನಾನು ತಿಳಿದಿಲ್ಲ. 'ಪ್ರಿಪೋನ್' ಎಂಬ ನಮ್ಮವರ ಪದ ಕೋಶ ಸೇರಿದೆ, ಸೇರಲಿ. ನನಗೆ ಬೇಕಾದದ್ದು 'ಅನ್‌ಲೆಸ್', 'ಅನ್‌ಟಿಲ್', 'ಮೇ', 'ಶಲ್', 'ಅಟ್ ಲೀಸ್ಟ್' ಇಂಥ ಸಣ್ಣ ಪದಗಳು. ಕರಾರು, ಸಾಲದ ಪತ್ರ, ಆಪರೇಶನ್ನಿಗೆ ಮುಂಚೆ ಆಸ್ಪತ್ರೆಯವರು ಸಹಿ ಹಾಕಿಸುವ ಕಾಗದ, ಮಾತ್ರೆಯ ಪೊಟ್ಟಣದ ಒಳಗಿನ ಚೀಟಿ ಎಲ್ಲದರ ಕೀಲಿ ಈ ಪದಗಳಲ್ಲಿದೆ. ಉಳ್ಳವರ ಮನೆಯಲ್ಲಿ ಇವನ್ನು ಓದಿ ಹೇಳಲು ವಕೀಲರೋ ಡಾಕ್ಟರೋ ಆದ ಚಿಕ್ಕಪ್ಪ ಇರುತ್ತಾರೆ. ಬೀಡಿಯ ಮನೆಯಲ್ಲಿ ಎಂಟನೆಯ ತರಗತಿಯ ಹುಡುಗಿಯೇ ಎಲ್ಲರಿಗೂ ಓದಿ ಹೇಳಬೇಕು.

ಹಾಗಾಗಿ ಈಗ ನಿವೃತ್ತಿಯ ಬಳಿಕ ಕಾಪು ಬಳಿಯ ಒಂದು ಶಾಲೆಗೆ ಶನಿವಾರ ಹೋಗುವಾಗ ಪಠ್ಯಪುಸ್ತಕ ತೆರೆಯುವುದಿಲ್ಲ. ಮನೆಯಲ್ಲಿ ಸಿಕ್ಕಿದ ಇಂಗ್ಲಿಷ್ ಕಾಗದಗಳನ್ನು ತನ್ನಿ ಎನ್ನುತ್ತೇನೆ. ಗ್ಯಾಸಿನ ರಶೀದಿ, ವಿಮೆಯ ಪತ್ರ, ದೋಣಿಯ ಇಂಜಿನ್ನಿನ ಗ್ಯಾರಂಟಿ ಕಾರ್ಡು ಬರುತ್ತವೆ. ಒಂದೊಂದು ವಾಕ್ಯ ಹಲಗೆಯ ಮೇಲೆ ಬರೆದು ಯಾರು, ಯಾರಿಗೆ, ಯಾವಾಗ, ಯಾವ ಷರತ್ತಿನ ಮೇಲೆ ಎಂದು ತುಳು ಮತ್ತು ಕನ್ನಡದಲ್ಲಿ ಬಿಡಿಸುತ್ತೇವೆ. ಕಳೆದ ಮಳೆಗಾಲದಲ್ಲಿ ಒಬ್ಬಳು ಸಾಲದ ಅರ್ಜಿ ತಿರಸ್ಕರಿಸಿದ ಪತ್ರ ತಂದಿದ್ದಳು. 'ವಿ ರಿಗ್ರೆಟ್' ಎಂದು ಶುರುವಾಗಿತ್ತು. ತುಳುವಿನಲ್ಲಿ 'ನಾವು' ಎಂಬುದಕ್ಕೆ ಎರಡು ಪದ. ಕೇಳುವವರೂ ಸೇರಿದ್ದರೆ 'ನಮ', ಸೇರದಿದ್ದರೆ 'ಎಂಕುಲು'. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಈ ಭೇದವಿಲ್ಲ. ಅವಳು 'ವಿ' ಎಂಬ ಪದದ ಕೆಳಗೆ ಬೆರಳಿಟ್ಟು ಕೇಳಿದಳು, "ಉಂದು ನಮನಾ, ಎಂಕುಲಾ ಸರ್?"

ಎಂಕುಲು ಎಂದೆ. ಅವಳು ಪುಸ್ತಕದಲ್ಲಿ ಬರೆದುಕೊಂಡಳು.